ಹಿಡಿದಿಟ್ಟ ಸೀಟು

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯನ್ನು ಮಲಕವ್ವ ಯಾರಿಂದಲೂ ಕಲಿತವಳಲ್ಲ. ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಸಂತೆಯ ದಿನ ಬಸ್ಸು ಒಳಗೆ ತಿರುಗುತ್ತಿದ್ದ ಹಾಗೆ ಅದರ ಜೊತೆಗೇ ಓಡಿ, ಕಿಟಕಿಯಿಂದ ಟವೆಲ್ ಎಸೆಯುತ್ತಿದ್ದಳು. ಟವೆಲ್ಲಿಗೆ ಜನ ಹೆದರದಿದ್ದರೆ ಕಂಕುಳಲ್ಲಿದ್ದ ಮಗನನ್ನೇ ಎತ್ತಿ ಕಿಟಕಿಯೊಳಗೆ ತೂರಿಸಿ, "ಅಲ್ಲೇ ಬಿದ್ದಿರು, ಯಾರ್ ಎಬ್ಬಿಸಿದ್ರೂ ಏಳಬ್ಯಾಡ" ಎಂದು ಕೂಗಿ, ಆಮೇಲೆ ಸಾವಕಾಶವಾಗಿ ಬಾಗಿಲಿನಿಂದ ಹತ್ತುತ್ತಿದ್ದಳು. ಆ ಮಗ ಈಶಪ್ಪ. ಈಗ ಮೂವತ್ತಾರರ ಗಂಡಸು, ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮೇಲೆ ಕೆಲಸ. ಕಿಟಕಿಯ ಸರಳು ತರಚಿದ ಗುರುತು ಅವನ ಮೊಣಕೈ ಮೇಲೆ ಇನ್ನೂ ಇದೆ. "ನಮ್ಮವ್ವ ನನ್ನ ಟವೆಲ್ ಮಾಡಿದ್ಲು ನೋಡು" ಎಂದು ಹೆಂಡತಿಗೆ ತೋರಿಸಿ ನಗುತ್ತಿದ್ದ. ಆಗ ಮನೆಯಲ್ಲಿ ನಗುವಿತ್ತು.

ಮನೆಯೆಂದರೆ ಅಂದ್ರಹಳ್ಳಿಯ ಶ್ಯಾಮಣ್ಣನವರು ತಮ್ಮ ರಾಗಿ ಹೊಲದಲ್ಲಿ ಎಬ್ಬಿಸಿದ ಮೂರಂತಸ್ತಿನ ಕಟ್ಟಡದ ಎರಡನೇ ಮಹಡಿ. ಒಂದು ಕೋಣೆ, ಒಂದು ಅಡಿಗೆಮನೆ, ನಾಲ್ಕು ಜನ. ಈಶಪ್ಪ, ಅವನ ಹೆಂಡತಿ ನೀಲಾಂಬಿಕಾ, ನಾಲ್ಕನೇ ಕ್ಲಾಸಿನ ಮಗಳು ಶೈಲಶ್ರೀ, ಮತ್ತು ಮಲಕವ್ವ. ನೀಲಾಂಬಿಕಾ ಪೀಣ್ಯ ಎರಡನೇ ಹಂತದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ಲಿನವಳು. ಹೊಲಿದು ಬಂದ ಶರ್ಟುಗಳ ದಾರ ಕತ್ತರಿಸಿ, ಹೊಲಿಗೆ ನೋಡಿ ಆಚೆ ದೂಡುವ ಕೆಲಸ. ಹೊಲಿಯುವವರಿಗೆ ಸ್ಟೂಲು ಉಂಟು, ನೋಡುವವರಿಗೆ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಿಂತರೆ ಸಂಜೆ ಐದೂಮುಕ್ಕಾಲಿಗೆ ಕಾಲು ತನ್ನದೋ ಕಂಡವರದೋ ತಿಳಿಯದಂತಾಗಿರುತ್ತದೆ. ಅದಾದ ಮೇಲೆ ಬಸ್ಸು, ಒಂದು ಗಂಟೆ, ಕೆಲವು ದಿನ ಒಂದೂಕಾಲು ಗಂಟೆ. ನಾಗಸಂದ್ರದಿಂದಲೇ ತುಂಬಿ ಬರುವ ಬಸ್ಸಿನಲ್ಲಿ ಫ್ಯಾಕ್ಟರಿ ಗೇಟಿನ ಹೆಂಗಸರಿಗೆ ಕೂರುವ ಜಾಗ ಎಲ್ಲಿಂದ ಬರಬೇಕು?

ಶೈಲಶ್ರೀ ಹುಟ್ಟಿದ ಮೇಲೆ ನೀಲಾಂಬಿಕಾಳಿಗೆ ಎರಡು ಸಲ ಗರ್ಭ ನಿಂತಿತ್ತು, ಎರಡು ಸಲವೂ ಹೋಗಿತ್ತು. ಎರಡನೆಯದು ಹೋದದ್ದು ಇದೇ ಬಸ್ಸಿನಲ್ಲಿ. ಮೇಲಿನ ಸರಳು ಹಿಡಿದು ನಿಂತಲ್ಲೇ ಹೊಟ್ಟೆ ಹಿಂಡತೊಡಗಿ, ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ಮೂರನೆಯ ಸಲ ಡಾಕ್ಟರು ಹೇಳಿದ್ದು ಮನೆಯವರಿಗೆ ಹೊಸದೇನೂ ಆಗಿರಲಿಲ್ಲ. ನಿಲ್ಲುವುದು ಕಡಿಮೆ ಮಾಡಿ, ಭಾರ ಎತ್ತಬೇಡಿ, ಈ ಸಲ ಹೋದರೆ ಮತ್ತೆ ಕಷ್ಟ ಎಂದರು. ಕೆಲಸ ಬಿಡುವ ಮಾತು ಈಶಪ್ಪ ಎತ್ತಿದ. ಬಿಟ್ಟರೆ ಹೆರಿಗೆ ರಜೆಯೂ ಇಲ್ಲ, ಆಸ್ಪತ್ರೆಯ ಕಾರ್ಡೂ ಇಲ್ಲ ಎಂದು ನೀಲಾಂಬಿಕಾ ಅಲ್ಲಿಗೇ ಬಾಯಿ ಮುಚ್ಚಿಸಿದಳು. ಫ್ಯಾಕ್ಟರಿಯಲ್ಲಿ ಹೇಳುವ ಹಾಗೂ ಇರಲಿಲ್ಲ. ಬಸುರಿ ಎಂದು ಗೊತ್ತಾದರೆ ಅಲ್ಲಿಯ ಇನ್‌ಚಾರ್ಜು ಬೈಯುತ್ತಿರಲಿಲ್ಲ, ಬೇರೆ ಫ್ಲೋರಿಗೆ ಹಾಕಿ ಮೆಟ್ಟಿಲು ಹತ್ತಿಳಿಸಿ, ತಾವಾಗಿಯೇ ಬಿಟ್ಟುಹೋಗುವ ಹಾಗೆ ಮಾಡುತ್ತಿದ್ದ.

"ಐದು ತುಂಬೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅತ್ತಿ" ಎಂದಳು ನೀಲಾಂಬಿಕಾ. "ಶೈಲಾನ ಮುಂದೂ ಬ್ಯಾಡ. ಸಾಲ್ಯಾಗ ಆಡಿಬಿಡ್ತಾಳ."

"ನಾ ಯಾರ ಮುಂದ ಹೇಳ್ಲಿ ನೀಲವ್ವ? ಕಣ್ಣು ಕೆಟ್ಟವು" ಎಂದಳು ಮಲಕವ್ವ. ಅಂದೇ ರಾತ್ರಿ ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳು ಒಂದು ಲೆಕ್ಕ ಹಾಕಿದಳು.

ಶೈಲಶ್ರೀಯ ಶಾಲೆ ನಾಗಸಂದ್ರದಲ್ಲಿ. ಮೊದಲು ಅಲ್ಲೇ ಬಾಡಿಗೆಗಿದ್ದಾಗ ಸೇರಿಸಿದ್ದು, ಮನೆ ಬದಲಾದರೂ ಶಾಲೆ ಬದಲಾಗಿರಲಿಲ್ಲ. ಅವಳನ್ನು ಬಿಟ್ಟುಬರುವುದು, ಕರೆತರುವುದು ಮಲಕವ್ವನ ಪಾಲಿನ ಕೆಲಸ. ನಾಲ್ಕಕ್ಕೆ ಶಾಲೆ ಬಿಟ್ಟರೆ ಐದಕ್ಕೆಲ್ಲ ಮನೆ ಸೇರುತ್ತಿದ್ದರು. ಇನ್ನು ಮೇಲೆ ಹಾಗಲ್ಲ ಎಂದಳು ಮಲಕವ್ವ. ಮೆಟ್ರೊ ಸ್ಟೇಶನ್ನಿನ ಕೆಳಗೆ ಬಸ್ಸು ಹೊರಡುವ ಜಾಗದಲ್ಲೇ ಕಾಯುವುದು. ಐದೂವರೆಯ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿ, ಮುಂದಿನ ಬಾಗಿಲ ಬಳಿಯ ಇಬ್ಬರ ಸೀಟು ಹಿಡಿದು, ಅಜ್ಜಿ ಮೊಮ್ಮಗಳು ಕೂತುಕೊಳ್ಳುವುದು. ನಾಲ್ಕನೇ ಸ್ಟಾಪಿನಲ್ಲಿ ನೀಲವ್ವ ಹತ್ತಿದ ಕೂಡಲೇ ಹುಡುಗಿ ಎದ್ದು ಅವ್ವನಿಗೆ ಜಾಗ ಕೊಡುವುದು. ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರಾಯಿತು. ಕಾಯುವುದಕ್ಕಂತೂ ಯಾವ ಕಾಲಕ್ಕೂ ದುಡ್ಡಿಲ್ಲ.

ಮೊದಲ ವಾರ ಶೈಲಶ್ರೀಗೆ ಇದು ಒಗ್ಗಲಿಲ್ಲ. ಸ್ವಭಾವತಃ ಮೆತ್ತನೆಯ ಮಗು. ಯಾರೋ ಮುದುಕರು ಕೋಲು ಊರಿಕೊಂಡು ಹತ್ತಿದರೆ ಶಾಲೆಯಲ್ಲಿ ಕಲಿಸಿದ ಹಾಗೆ ಎದ್ದು, "ಕೂತ್ಕೊಳ್ಳಿ ತಾತ" ಎಂದುಬಿಟ್ಟಳು. ತಾತ ಆಶೀರ್ವಾದ ಮಾಡಿ ಕೂತರು, ಕಡೇ ಸ್ಟಾಪಿನ ತನಕ ಏಳಲಿಲ್ಲ. ಮಲಕವ್ವ ತಾನಾದರೂ ಎದ್ದು ಜಾಗ ಕೊಡೋಣವೆಂದರೆ ಇಬ್ಬರ ನಡುವೆ ಅಷ್ಟು ಜನ. ನೀಲಾಂಬಿಕಾ ಬಾಗಿಲ ಬಳಿಯೇ ಒಂದು ಗಂಟೆ ಜೋತುಬಿದ್ದು ಬಂದಳು. ಮನೆಗೆ ಬಂದವಳು ಚಪ್ಪಲಿ ಬಿಚ್ಚಿದರೆ ಪಾದದ ಮೇಲೆ ಚಪ್ಪಲಿಯ ಪಟ್ಟಿ ಹಾಗೇ ಅಚ್ಚೊತ್ತಿತ್ತು.

"ನೋಡು" ಎಂದು ಮಲಕವ್ವ ಮೊಮ್ಮಗಳ ಕತ್ತು ಹಿಡಿದು ಬಗ್ಗಿಸಿದಳು. "ನಿಮ್ಮವ್ವನ ಕಾಲು ನೋಡು. ನೀ ಕೊಟ್ಟ ಸೀಟಿಂದು ಇದು. ಮತ್ತ ಆಸ್ಪತ್ರಿ ಸೇರಬೇಕೇನು ನಿಮ್ಮವ್ವ?"

ಹುಡುಗಿ ಅತ್ತಳು. ಮಾರನೆಯ ದಿನದಿಂದ ಪಾಠ ಶುರುವಾಯಿತು. ಯಾರಾದರೂ ಹತ್ತಿರ ಬಂದರೆ ಕಾಲು ಚಾಚಬೇಕು. ಸ್ಕೂಲ್ ಬ್ಯಾಗು ತೊಡೆಯ ಮೇಲಲ್ಲ, ಪಕ್ಕಕ್ಕಿರಬೇಕು. ಮುಖ ನೋಡಬಾರದು, ಮುಖ ನೋಡಿದರೆ ಕರುಳು ಚುರ್ ಅನ್ನುತ್ತದೆ. ಕೇಳಿಯೇಬಿಟ್ಟರೆ ನಿದ್ದೆ ಬಂದ ಹಾಗೆ ಕಣ್ಣು ಮುಚ್ಚಬೇಕು. ಅದಕ್ಕೂ ಜಗ್ಗದಿದ್ದರೆ ಪ್ಲಾಸ್ಟಿಕ್ ಕವರು ಬಾಯಿಗೆ ಹಿಡಿದು ವಾಂತಿ ಬಂದವಳಂತೆ 'ಓಕ್' ಅನ್ನಬೇಕು. "ಓನರ್ ಶ್ಯಾಮಣ್ಣನ ಹೇಣ್ತಿ ಬಂದ್ರೂ ಬಿಡಬ್ಯಾಡ" ಎಂದು ಕೊನೆಗೆ ಸೇರಿಸಿದಳು.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಲ್ಲೀತನಕ ಅನ್ನುತ್ತಾರೆ. ಬುತ್ತಿಯ ಮಾತು ಇರಲಿ, ಮಲಕವ್ವ ಹೇಳಿಕೊಟ್ಟ ಮಾತು ಹದಿನೈದೇ ದಿನಕ್ಕೆ ಬೇರು ಬಿಟ್ಟಿತು. ಹುಡುಗಿ ಅಜ್ಜಿಯನ್ನೇ ಮೀರಿಸಿದಳು. ಒಂದು ದಿನ ಕಾಲೇಜಿನ ಮೇಡಂ ಒಬ್ಬರು, "ಪುಟ್ಟಾ, ಅಜ್ಜಿ ತೊಡೆ ಮೇಲೆ ಕೂತ್ಕೊಳಮ್ಮ" ಎಂದರೆ ಇವಳು ತಗ್ಗಿದ ದನಿಯಲ್ಲಿ, "ಆಂಟಿ, ಸೀಟ್ ಒದ್ದೆ ಇದೆ. ನಂಗೆ ತಡ್ಕೊಳಕ್ಕಾಗ್ಲಿಲ್ಲ" ಎಂದಳು. ಮೇಡಂ ಸೆರಗು ಎತ್ತಿಕೊಂಡು ಹಿಂದಕ್ಕೆ ಸರಿದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಲಕವ್ವ ಅದನ್ನು ಅಭಿನಯ ಮಾಡಿ ತೋರಿಸಿದಳು. ನೀಲಾಂಬಿಕಾ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತ ನಕ್ಕಳು. ಈಶಪ್ಪ ನಗಲಿಲ್ಲ.

"ಏನ್ ಕಲಿಸಾಕತ್ತೀ ಅದಕ್ಕ?" ಎಂದ.

"ನಿನಗ ಕಲಿಸಿದ್ದನ್ನ."

"ನನಗ ತರಚಿದ್ದು ಮೊಣಕೈ ಬೇ. ಇದಕ್ಕ ಎಲ್ಲಿ ತರಚತೈತೋ."

"ಹಂಗಾರ ನೀನ ಬಂದು ಸೀಟ್ ಹಿಡಿ" ಎಂದಳು ಮಲಕವ್ವ. "ಬಾ ನಾಳಿಂದ. ನಾ ಮನ್ಯಾಗ ಕುಂತು ಜಪ ಮಾಡ್ತೀನಿ."

ಈಶಪ್ಪನ ಶೆಡ್ಡು ಬಿಡುವುದು ರಾತ್ರಿ ಎಂಟಕ್ಕೆ. ಅವನು ನೀಲಾಂಬಿಕಾಳ ಮುಖ ನೋಡಿದ. ಅವಳು ಇನ್ನೊಂದು ರೊಟ್ಟಿ ಹಾಕಿಕೊಂಡಳು. ಎಷ್ಟೆಂದರೂ ದಿನಾ ಸಂಜೆ ಬೆಚ್ಚಗಿನ ಸೀಟು ಸಿಗುತ್ತಿದ್ದದ್ದು ಅವಳಿಗೆ. ಪಾದ ಊದುವುದು ಕಡಿಮೆಯಾಗಿತ್ತು. ಮೂರನೇ ತಿಂಗಳು ಸುಸೂತ್ರವಾಗಿ ದಾಟಿತ್ತು.

ಬಸ್ಸಿನ ಜನಕ್ಕೆ ಇದೆಲ್ಲ ಎಲ್ಲಿ ಗೊತ್ತು? ಅವರಿಗೆ ಕಾಣುತ್ತಿದ್ದುದು ಒಂದು ಗಟ್ಟಿಗಿತ್ತಿ ಮುದುಕಿ, ಒಂದು ಮೊಂಡು ಹುಡುಗಿ. "ಟಿಕೆಟ್ ಫ್ರೀ, ಸೀಟ್ ಮಾತ್ರ ಫುಲ್ಲು" ಎಂದು ದುಡ್ಡು ಕೊಟ್ಟು ನಿಂತ ಗಂಡಸರು ಕೇಳುವಂತೆಯೇ ಅನ್ನುತ್ತಿದ್ದರು. ಮಕ್ಕಳನ್ನ ಹೆಂಗೆ ಬೆಳ್ಸವ್ರೆ ನೋಡು, ಆ ಕಡೆಯೋರೆಲ್ಲ ಹಿಂಗೇ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಕಂಡಕ್ಟರ್ ಕೂಡ ಎರಡು ಸಲ ಹೇಳಿ ಸುಮ್ಮನಾದ. ಮಲಕವ್ವನಿಗೆ ಮೈ ಉರಿಯುತ್ತಿತ್ತು. ಒಂದೇ ಒಂದು ಮಾತು, ಸೊಸೆ ಬಸುರಿ ಎಂಬ ಮಾತು, ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಆಡಿದ್ದರೆ ಇಡೀ ಬಸ್ಸು ಎದ್ದು ಜಾಗ ಕೊಡುತ್ತಿತ್ತು. ಆಡಿದರೆ ಆ ಬಸ್ಸಿನ ಅರ್ಧ ಹೆಂಗಸರು ಅದೇ ಫ್ಯಾಕ್ಟರಿಯವರು, ಮಾರನೆಯ ಬೆಳಿಗ್ಗೆ ಇನ್‌ಚಾರ್ಜಿನ ಕಿವಿ ಮುಟ್ಟುತ್ತಿತ್ತು. ನುಂಗಿಕೊಂಡು ಕೂರುತ್ತಿದ್ದಳು. ಬೈಗುಳವನ್ನು ಬೈಗುಳದಿಂದಲೇ ತೀರಿಸುತ್ತಿದ್ದಳು.

ಶಾಲೆಯಿಂದ ಕರೆ ಬಂತು. ಹೇಮಲತಾ ಟೀಚರ್ ಈಶಪ್ಪನನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಮಗಳು ಬೆಂಚಿನಲ್ಲಿ ಪಕ್ಕದವಳಿಗೆ ಜಾಗ ಬಿಡುವುದಿಲ್ಲ, ಬಿಸಿಯೂಟದ ಸಾಲಿನಲ್ಲಿ ಬ್ಯಾಗು ಅಡ್ಡ ಇಟ್ಟು ಮುಂದೆ ನಿಲ್ಲುತ್ತಾಳೆ, ಕೇಳಿದರೆ ಹೊಟ್ಟೆನೋವು ಅನ್ನುತ್ತಾಳೆ, ಮೊದಲು ಹೀಗಿರಲಿಲ್ಲ ಎಂದರು. ಅರ್ಧ ದಿನದ ಕೆಲಸ ಕಳೆದುಕೊಂಡು ಬಂದವನು ಅಂದು ಮನೆಯಲ್ಲಿ ತಟ್ಟೆ ಎತ್ತಿ ಕುಕ್ಕಿದ. ಮಲಕವ್ವ ಬಗ್ಗಲಿಲ್ಲ. ಕೂಸು ಹುಟ್ಟಲಿ, ಆಮೇಲೆ ಬುದ್ಧಿ ಹೇಳಿದರಾಯಿತು, ಮಕ್ಕಳು ಮರೆಯುತ್ತವೆ ಎಂದು ಅಡಿಗೆಮನೆಯಲ್ಲಿ ಪಿಸುಗುಟ್ಟಿದಳು. ಹೊರಗೆ ಕೋಣೆಯಲ್ಲಿ ಶೈಲಶ್ರೀ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇತ್ತೀಚೆಗೆ ಅವಳು ಅವ್ವನ ಮಗ್ಗುಲು ಬಿಟ್ಟು ಗೋಡೆಯ ಕಡೆಗೇ ಹಾಸಿಕೊಳ್ಳುತ್ತಿದ್ದಳು. ನಿದ್ದೆಯಲ್ಲಿ ಕಾಲು ಝಾಡಿಸುವ ಅಭ್ಯಾಸ ಅವಳಿಗೆ. ಯಾಕೆ ದೂರ ಮಲಗುತ್ತೀ ಎಂದು ಯಾರೂ ಕೇಳಲಿಲ್ಲ.

ಇಷ್ಟು ದಿನ ನೀಲಾಂಬಿಕಾಳ ಹೊಟ್ಟೆಯನ್ನು ಕಾದದ್ದು ಬಸ್ಸಿನ ಸೀಟೊಂದೇ ಅಲ್ಲ. ಫ್ಯಾಕ್ಟರಿಯಲ್ಲಿ ಭಾಗ್ಯಮ್ಮ ಎಂಬ ಟೈಲರ್ ಇದ್ದಳು. ನೆಲಮಂಗಲದ ಕಡೆಯವಳು, ಐವತ್ತರ ಹತ್ತಿರದವಳು, ಬಿಪಿ ಇತ್ತು. ಮೂವರನ್ನು ಹೆತ್ತವಳ ಕಣ್ಣು, ಹೇಳದೆಯೇ ಕಂಡುಹಿಡಿದಿದ್ದಳು. ಊಟವಾದ ಮೇಲೆ ಇನ್‌ಚಾರ್ಜು ಆಫೀಸು ರೂಮಿಗೆ ಹೋಗುತ್ತಿದ್ದ ಹಾಗೆ ತನ್ನ ಸ್ಟೂಲು ಬಿಟ್ಟುಕೊಟ್ಟು, "ಕುಂತ್ಕಳೇ, ನೇರ ಹೊಲಿಗೆ ಅಷ್ಟೇಯ, ಓಡಿಸು" ಎಂದು ಇವಳ ಚೆಕಿಂಗ್ ಟೇಬಲ್ಲಿಗೆ ತಾನು ನಿಲ್ಲುತ್ತಿದ್ದಳು. ಒಂದು ಗಂಟೆ, ಒಂದೂವರೆ ಗಂಟೆ. ಭಾಗ್ಯಕ್ಕ ಇಲ್ಲದಿದ್ದರೆ ನಾನು ಎಂದೋ ಬಿದ್ದುಹೋಗಿರುತ್ತಿದ್ದೆ ಎಂದು ನೀಲಾಂಬಿಕಾ ದಿನಾ ಮನೆಯಲ್ಲಿ ಹೇಳುತ್ತಿದ್ದಳು. ಒಂದು ಭಾನುವಾರ ರೊಟ್ಟಿ, ಎಣಗಾಯಿ ಮಾಡಿ ಊಟಕ್ಕೆ ಕರೆಯೋಣ ಎಂದು ಮಲಕವ್ವನೇ ಹೇಳಿದ್ದಳು. ಆ ಭಾನುವಾರ ಮಾತ್ರ ಬರಲಿಲ್ಲ. ಹೆಸರು ಮನೆಮಾತಾಗಿತ್ತು, ಮುಖ ನೋಡಿರಲಿಲ್ಲ.

ಒಂದು ಸೋಮವಾರ ಐದೂವರೆಯ ಬಸ್ಸಿಗೆ ನಾಗಸಂದ್ರದ ಮುಂದಿನ ಸ್ಟಾಪಿನಲ್ಲಿ ಒಬ್ಬ ಹೆಂಗಸು ಹತ್ತಿದಳು. ಕೈಯಲ್ಲಿ ಮಾತ್ರೆಯ ಕವರು, ಹಣೆಯ ಮೇಲೆ ಬೆವರು. ಸೀಟುಗಳೆಲ್ಲ ತುಂಬಿದ್ದವು. ಹೆಂಗಸರ ಸೀಟಿನಲ್ಲಿ ಕೂತ ಚಿಕ್ಕ ವಯಸ್ಸಿನವರು ಮೊಬೈಲಿನೊಳಗೆ ಮುಳುಗಿದ್ದರು. ಅವಳು ಕಂಬ ಹಿಡಿದು ನಿಂತು, ಎರಡು ಕ್ಷಣ ಕಣ್ಣು ಮುಚ್ಚಿ ತೆರೆದು, ಮಲಕವ್ವನ ಕಡೆ ಬಗ್ಗಿದಳು.

"ಮಗೀನ ತೊಡೆ ಮ್ಯಾಲೆ ಕೂರಿಸ್ಕಳವ್ವ. ತಲೆ ಸುತ್ತತೈತೆ. ಒಂದೆರಡು ಸ್ಟಾಪು ಅಷ್ಟೇಯ."

"ಹಿಂದ ನೋಡ್ರಿ, ಖಾಲಿ ಇರಬಹುದು" ಎಂದಳು ಮಲಕವ್ವ, ಮುಖ ನೋಡದೆ. ಅವಳದೇ ಪಾಠ.

ಶೈಲಶ್ರೀ ಆಗಲೇ ಕವರು ಬಾಯಿಗೆ ಹಿಡಿದಿದ್ದಳು. ಭುಜ ಕುಣಿಸಿ ಎರಡು ಸಲ 'ಓಕ್' ಎಂದಳು, ಕಣ್ಣಲ್ಲಿ ನೀರು ಬರುವ ಹಾಗೆ. ಅಷ್ಟು ಚೆನ್ನಾಗಿ ಅವಳು ಎಂದೂ ಮಾಡಿರಲಿಲ್ಲ.

"ಅಯ್ಯೋ ಕಂದಾ" ಎಂದಳು ಆ ಹೆಂಗಸು. "ಕುಂತಿರು, ಕುಂತಿರು. ಏಳಬೇಡ." ಕಂಬ ಹಿಡಿದಿದ್ದ ಕೈ ಬಿಟ್ಟು ತನ್ನ ಚೀಲದೊಳಗೆ ತಡಕಾಡಿ ಒಂದು ನಿಂಬೆಹಣ್ಣು ತೆಗೆದು, ಹುಡುಗಿಯ ಅಂಗೈಯಲ್ಲಿಟ್ಟಳು. "ಉಗುರಲ್ಲಿ ಗೀರಿ ಮೂಸ್ತಾ ಇರು. ವಾಂತಿ ನಿಂತೋಯ್ತದೆ."

ಅಷ್ಟರಲ್ಲಿ ಆಟೋ ಒಂದು ಅಡ್ಡ ನುಗ್ಗಿತು. ಡ್ರೈವರು ಬ್ರೇಕು ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿ ಸರಳು ಹಿಡಿದು ನಿಂತರು. ಕೈ ಬಿಟ್ಟಿದ್ದವಳು ಅವಳೊಬ್ಬಳೇ. ಗೇರ್ ಪೆಟ್ಟಿಗೆಯ ಕಡೆ ಮುಗ್ಗರಿಸಿ, ಕೈ ಅಡಿಯಾಗಿ ಬಿದ್ದಳು. ಮೂಳೆ ಮುರಿದ ಸದ್ದು ಮಲಕವ್ವನಿಗೆ ಕೇಳಿಸಿತು.

ಬಸ್ಸು ನಿಧಾನವಾಗಿ ಫ್ಯಾಕ್ಟರಿ ಸ್ಟಾಪಿನ ತನಕ ಬಂತು. ಹತ್ತಲು ಬಂದವರಲ್ಲಿ ನೀಲಾಂಬಿಕಾ ಮುಂದೆ ಇದ್ದಳು. ಬಾಗಿಲ ಬಳಿ ನೆಲದ ಮೇಲೆ ಕೂತು, ಕೈಯನ್ನು ಎದೆಗವಚಿಕೊಂಡಿದ್ದವಳನ್ನು ಕಂಡು, "ಭಾಗ್ಯಕ್ಕಾ" ಎಂದಳು. ಬಿಪಿ ತೋರಿಸಿಕೊಂಡು ಬರಲು ಭಾಗ್ಯಮ್ಮ ಅಂದು ರಜೆ ಹಾಕಿದ್ದಳು.

ಸುತ್ತ ನಿಂತವರು ಒಬ್ಬರಾದ ಮೇಲೊಬ್ಬರು ಶುರುಮಾಡಿದರು. ತಲೆ ಸುತ್ತುತ್ತೆ ಅಂತ ಕೇಳಿದ್ರೂ ಈ ಮುದುಕಿ ಜಾಗ ಕೊಡಲಿಲ್ಲ, ಈ ಹುಡುಗಿ ದಿನಾ ಇದೇ ನಾಟಕ ಆಡುತ್ತೆ ಎಂದರು. "ಬಿಡ್ರವ್ವ, ಆ ಮಗೀಗೆ ವಾಂತಿ" ಎಂದಳು ಭಾಗ್ಯಮ್ಮ, ನೋವಿನಲ್ಲೂ. ನೀಲಾಂಬಿಕಾ ಒಮ್ಮೆ ಅತ್ತೆಯನ್ನು ನೋಡಿದಳು, ಒಮ್ಮೆ ಮಗಳನ್ನು. ಮಗಳು ಆಗಲೇ ಎದ್ದು ನಿಂತು ಸೀಟನ್ನು ಅಂಗೈಯಿಂದ ಒರೆಸುತ್ತಿದ್ದಳು. ನೀಲಾಂಬಿಕಾ ಕೂರಲಿಲ್ಲ. ಇನ್ನಿಬ್ಬರ ಜೊತೆ ಭಾಗ್ಯಮ್ಮನನ್ನು ಇಳಿಸಿಕೊಂಡು ಆಟೋ ಹಿಡಿದು ಆಸ್ಪತ್ರೆಗೆ ಹೋದಳು.

ಮನೆಗೆ ಬಂದಾಗ ಒಂಬತ್ತಾಗಿತ್ತು. ಮೊದಲು ಮಾಡಿದ ಕೆಲಸ ಮಗಳ ಕೆನ್ನೆಗೆ ಹೊಡೆದದ್ದು. ಹುಡುಗಿ ಕೈಯಲ್ಲಿ ಇನ್ನೂ ನಿಂಬೆಹಣ್ಣು ಹಿಡಿದಿದ್ದಳು.

"ಅದನ್ನ ಯಾಕ ಹೊಡೀತಿ?" ಎಂದಳು ಮಲಕವ್ವ. "ಹೇಳಿಕೊಟ್ಟಾಕಿ ನಾನು."

"ಹೌದು, ನೀವ. ಕೈ ಎರಡು ಕಡೆ ಮುರದೈತಿ. ಒಂದೂವರೆ ತಿಂಗಳ ಪ್ಲಾಸ್ಟರ್. ನನಗ ಸ್ಟೂಲ್ ಕೊಡಾಕಿ ಆಕಿ. ಗೊತ್ತೈತೇನು ನಿಮಗ?"

"ನಾ ಏನ್ ಕನಸು ಕಂಡಿದ್ನಾ ಆಕಿ ಭಾಗ್ಯಮ್ಮ ಅಂತ?"

"ಆಕಿ ಅಲ್ಲದಿದ್ರ ಬೀಳಬಹುದಿತ್ತಾ?"

ಮಲಕವ್ವ ತಿರುಗಿ ಚುಚ್ಚಿದಳು.

"ಎರಡು ತಿಂಗಳು ದಿನಾ ಬಂದು ಕುಂತೆಲ್ಲ ನೀಲವ್ವ, ಒಂದಿನನರ ಕೇಳಿದ್ಯಾ, ಈ ಸೀಟ್ ಹೆಂಗ್ ಉಳೀತು ಅಂತ?"

ಈಶಪ್ಪ ಇಬ್ಬರ ನಡುವೆ ಬಂದು, ಅವ್ವನಿಗೊಂದು ಹೆಂಡತಿಗೊಂದು ಗದರಿ, ಕೊನೆಗೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅಂದು ಮಾಡಿದ್ದ ಅಡಿಗೆ ಹಾಗೇ ಉಳಿಯಿತು. ಮಾರನೆಯ ದಿನ ನೀಲಾಂಬಿಕಾ ಹೊಸ ಕಾನೂನು ಹೊರಡಿಸಿದಳು. ಇನ್ನು ಸೀಟು ಹಿಡಿಯುವುದಿಲ್ಲ. ಶಾಲೆ ಬಿಟ್ಟ ಕೂಡಲೇ ಅಜ್ಜಿ ಮೊಮ್ಮಗಳು ಮನೆಗೆ ಬರಬೇಕು. ಶೈಲಶ್ರೀ ಬಸ್ಸಿನಲ್ಲಿ ಕೂರುವಂತೆಯೇ ಇಲ್ಲ. ಯಾರಿಗಾದರೂ ಸೀಟು ಬಿಡಲಿಲ್ಲವೆಂದು ಕಿವಿಗೆ ಬಿದ್ದರೆ ಬರೆ ಹಾಕುತ್ತೇನೆ ಎಂದಳು.

"ಮಮ್ಮಿ, ನಿಂಗೆ ಸೀಟು?" ಎಂದಳು ಹುಡುಗಿ.

"ನನಗ ಬ್ಯಾಡ ನಿಮ್ಮ ಸೀಟು."

ಹಟ ಎಂದರೆ ಹೀಗಿರಬೇಕು. ಬೇಕಾದವರೇ ಬೇಡ ಎಂದಮೇಲೆ ಕೊಡುವವರು ಯಾರು? ಮಲಕವ್ವ ಎರಡು ಸಲ ಬಾಯಿ ಬಿಟ್ಟು ಕೇಳಿಕೊಂಡಳು, ನಾನೊಬ್ಬಳೇ ಹೋಗಿ ಕೂತಿರುತ್ತೇನೆ, ನೀನು ಬಂದಾಗ ಎದ್ದು ಕೊಡುತ್ತೇನೆ ಎಂದಳು. ನೀಲಾಂಬಿಕಾ ಡಬ್ಬಿ ಕಟ್ಟಿಕೊಂಡು ಹೊರಟಳು. ಮಲಕವ್ವ ಕೈಲಾದದ್ದು ಮಾಡಿದಳು. ಕೆಳಗಿನ ಸಂಪಿನಿಂದ ಒಂದು ಕೊಡ ನೀರನ್ನೂ ಸೊಸೆಗೆ ಎತ್ತಗೊಡಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಪಾದಕ್ಕಿಟ್ಟಳು. ನೀಲಾಂಬಿಕಾ ಮುಖ ಆ ಕಡೆ ಮಾಡಿ ಪಾದವಿಟ್ಟಳು. ಫ್ಯಾಕ್ಟರಿಯಲ್ಲಿ ಭಾಗ್ಯಮ್ಮನ ಮಿಶನ್ನಿಗೆ ಹೊಸ ಹುಡುಗಿ ಬಂದಿದ್ದಳು, ಮಧ್ಯಾಹ್ನದ ಸ್ಟೂಲು ಇಲ್ಲವಾಯಿತು. ಬೆಳಿಗ್ಗೆಯಿಂದ ಸಂಜೆ ತನಕ ಟೇಬಲ್ಲು, ಅದಾದಮೇಲೆ ಬಸ್ಸಿನ ಸರಳು.

ಭಾಗ್ಯಮ್ಮ ಬಿದ್ದ ಹದಿನೇಳನೆಯ ದಿನ, ಗುರುವಾರ, ನೀಲಾಂಬಿಕಾ ಚೆಕಿಂಗ್ ಟೇಬಲ್ಲಿನ ಬಳಿಯೇ ಕುಸಿದಳು. ಐದು ತುಂಬಲು ಇನ್ನು ಹನ್ನೊಂದು ದಿನವಿತ್ತು. ಗಂಡು ಕೂಸಾಗಿತ್ತಂತೆ, ಆಸ್ಪತ್ರೆಯಲ್ಲಿ ನರ್ಸು ಕೇಳದೇ ಇದ್ದರೂ ಹೇಳಿದಳು. ಇನ್ನು ಮುಂದೆ ಆಸೆ ಬೇಡ ಎಂಬ ಮಾತನ್ನು ಡಾಕ್ಟರು ಈಶಪ್ಪನನ್ನು ಹೊರಗೆ ಕರೆದು ಹೇಳಿದರು.

ಒಂದು ತಿಂಗಳು ನೀಲಾಂಬಿಕಾ ಮನೆಯಲ್ಲೇ ಇದ್ದಳು. ಮಲಕವ್ವ ಗಂಜಿ ಕಾಯಿಸಿದಳು, ಬಟ್ಟೆ ಒಗೆದಳು, ಸೊಸೆಯ ತಲೆಗೆ ಎಣ್ಣೆ ಹಚ್ಚಿದಳು. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಮೊಮ್ಮಗಳಿಗೆ ನಿಮ್ಮವ್ವನಿಗೆ ಜ್ವರ ಎಂದು ಹೇಳಿದ್ದರು. ಹುಡುಗಿ ಹೆಚ್ಚು ಕೇಳಲಿಲ್ಲ. ಒಂದು ದಿನ ಅಜ್ಜಿಯ ಜೊತೆ ಬಸ್ಸಿಗೆ ಕಾಯುವಾಗ ಮಾತ್ರ, "ಆಯಿ, ನಾನು ಸೀಟ್ ಹಿಡೀಲಿಲ್ಲ ಅಂತ ತಾನೇ ಹಿಂಗಾಗಿದ್ದು?" ಎಂದಳು. ಮಲಕವ್ವ ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಇಲ್ಲ ಅಂದಿದ್ದರೆ ಯಾಕಾಯಿತು ಎಂದು ಹೇಳಬೇಕಾಗುತ್ತಿತ್ತು.

ನೀಲಾಂಬಿಕಾ ಮತ್ತೆ ಕೆಲಸಕ್ಕೆ ಹೊರಟ ದಿನ ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟಾಗ ಶೈಲಶ್ರೀ ಮನೆಯ ಬಸ್ಸು ಹತ್ತಲು ಒಪ್ಪಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ಮಲಕವ್ವ ಎಳೆದಳು, ಬೈದಳು, ನಿಮ್ಮವ್ವ ಬರೆ ಹಾಕುತ್ತಾಳೆ ಎಂದಳು. "ಹಾಕ್ಲಿ" ಎಂದಳು ಹುಡುಗಿ. ಐದೂವರೆಯ ಬಸ್ಸು ಬರುತ್ತಿದ್ದ ಹಾಗೆ ಜನರ ಕಾಲುಗಳ ಸಂದಿನಲ್ಲಿ ನುಗ್ಗಿ ಮುಂದಿನ ಸೀಟು ಹಿಡಿದು ಕಾಲು ಚಾಚಿದಳು. ಎರಡನೇ ಸ್ಟಾಪಿನಲ್ಲಿ ಒಬ್ಬರು ಕೇಳಿದರು, ಮೂರನೆಯದರಲ್ಲಿ ಇನ್ನೊಬ್ಬರು. ಅವಳು ಕಣ್ಣು ಮುಚ್ಚಲಿಲ್ಲ, ಕವರು ಹಿಡಿಯಲಿಲ್ಲ. ನೇರವಾಗಿ ಮುಖ ನೋಡಿ, ಕೊಡಲ್ಲ ಎಂದಳು. ಮಲಕವ್ವನಿಗೆ ಪಕ್ಕದಲ್ಲಿ ಕೂರಲು ಭಯವಾಯಿತು.

ಫ್ಯಾಕ್ಟರಿ ಗೇಟಿನಲ್ಲಿ ನೀಲಾಂಬಿಕಾ ಹತ್ತಿದಳು. ಅವಳ ಹಿಂದೆಯೇ ಭಾಗ್ಯಮ್ಮ, ಪ್ಲಾಸ್ಟರು ಬಿಚ್ಚಿದ ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು. ಅವಳೂ ಅಂದೇ ಕೆಲಸಕ್ಕೆ ಮರಳಿದ್ದಳು.

"ಮಮ್ಮಿ, ಬಾ. ಹಿಡಿದಿದೀನಿ" ಎಂದು ಹುಡುಗಿ ಎದ್ದು ನಿಂತಳು.

ನೀಲಾಂಬಿಕಾ ಮಗಳ ಕಡೆ ನೋಡಲಿಲ್ಲ. "ಕುಂದ್ರು ಭಾಗ್ಯಕ್ಕ" ಎಂದಳು.

ಭಾಗ್ಯಮ್ಮ ಹುಡುಗಿಯ ಮುಖ ನೋಡಿದಳು, ಮುದುಕಿಯ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. "ಬ್ಯಾಡ ಕಣೆ" ಎಂದಳು, ಸಿಟ್ಟಿಲ್ಲದೆ. "ಅದು ನಿಂಗೆ ಅಂತ ಹಿಡಿದಿರೋ ಸೀಟು. ನಾ ಕುಂತ್ಕಳಕಿಲ್ಲ."

ಮಲಕವ್ವನೂ ಎದ್ದಳು. ಉಸಿರಾಡಲು ಜಾಗವಿಲ್ಲದ ಬಸ್ಸಿನಲ್ಲಿ ಇಬ್ಬರ ಸೀಟು ಖಾಲಿ ಬಿದ್ದಿತು. ಕೂತ್ಕೊಳ್ಳಿ ಇಲ್ಲ ದಾರಿ ಬಿಡಿ ಎಂದು ಕಂಡಕ್ಟರ್ ಹಿಂದಿನಿಂದ ಕೂಗಿದ. ಯಾರೂ ಅಲುಗಲಿಲ್ಲ. ಶೈಲಶ್ರೀ ಅವ್ವನ ಸೆರಗು ಹಿಡಿದು ಜಗ್ಗಿದಳು. ಅವಳ ದನಿ ತರಗತಿಯಲ್ಲಿ ಪದ್ಯ ಒಪ್ಪಿಸುವ ಹಾಗೆ ಗಟ್ಟಿಯಾಗಿತ್ತು.

"ಹೊಟ್ಟೇಲಿ ಪಾಪ ಇಲ್ವಲ್ಲ ಈಗ, ಅದಕ್ಕಾ ಮಮ್ಮಿ ಕೂರಲ್ಲ ಅಂತಿರೋದು?"

ಯಾರಿಗೂ ಹೇಳಬಾರದೆಂದು ಮನೆಯವರು ಭದ್ರವಾಗಿ ಇಟ್ಟಿದ್ದ ಗುಟ್ಟು ಈ ಮಗುವಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಹಿಡಿದಿದ್ದಳು, ಗೊತ್ತಿದ್ದೇ ಬೈಸಿಕೊಂಡಿದ್ದಳು, ಗೊತ್ತಿದ್ದೇ ಗೋಡೆಯ ಕಡೆ ಮಲಗಿದ್ದಳು. ಮಲಕವ್ವ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಮೊಬೈಲು ನೋಡುತ್ತಿದ್ದ ಹುಡುಗಿ ಮೊದಲು ಎದ್ದಳು. ಅವಳ ಪಕ್ಕದವಳು ಎದ್ದಳು. ಹಿಂದಿನ ಸೀಟಿನ ಕಾಲೇಜಿನ ಮೇಡಂ ಎದ್ದರು. ಫ್ರೀ ಟಿಕೆಟ್ಟಿನ ಮಾತಾಡುತ್ತಿದ್ದ ಗಂಡಸೂ ಎದ್ದ. "ಮೊದ್ಲೇ ಒಂದ್ ಮಾತು ಹೇಳಬಾರದಿತ್ತೇನಮ್ಮ" ಎಂದರು ಮೇಡಂ, ನೀಲಾಂಬಿಕಾಳ ಭುಜ ಮುಟ್ಟಿ. "ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಐದಾರು ಸೀಟು ಖಾಲಿಯಾಗಿದ್ದವು. ನೀಲಾಂಬಿಕಾ ಮೇಲಿನ ಸರಳು ಹಿಡಿದು, ಕಿಟಕಿಯ ಆಚೆ ನೋಡುತ್ತ, ಅಂದ್ರಹಳ್ಳಿಯ ತನಕ ನಿಂತೇ ಬಂದಳು.